ಲೆನ್ಸ್ ಡಬ್ಬಿ, ಟ್ಯಾಂಕ್, ಗೀಸರ್: ಲೋಳೆ ಕಂಡರೆ ಏನು ನೋಡಬೇಕು, ಎಲ್ಲಿ ನಿಲ್ಲಿಸಬೇಕು

ಕಾಂಟ್ಯಾಕ್ಟ್ ಲೆನ್ಸ್ ಡಬ್ಬಿಯೊಳಗೆ ಬೆರಳಾಡಿಸಿದರೆ ಜಾರುತ್ತದೆ. ಶವರ್ ಬಾಯಿಗೆ ಕಪ್ಪು ಅಂಟು ಹಿಡಿದಿದೆ. ಟ್ಯಾಂಕಿನ ಗೋಡೆಗೆ ಕಂದು ಪದರ ಕೂತಿದೆ. ಮನೆಯಲ್ಲಿ ಯಾರೂ ಇದನ್ನು ದೊಡ್ಡದು ಮಾಡುವುದಿಲ್ಲ. ನೀರು ಇದ್ದ ಕಡೆ ಲೋಳೆ ಇದ್ದೇ ಇರುತ್ತದೆ ಅಂದುಕೊಂಡು ಬಿಟ್ಟುಬಿಡುತ್ತೇವೆ.

ಆ ಲೋಳೆ ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಮನೆ. ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾ ಯಾವುದಾದರೂ ಮೇಲ್ಮೈಗೆ ಅಂಟಿಕೊಂಡ ಮೇಲೆ ಸಕ್ಕರೆ, ಪ್ರೋಟೀನ್ ಸೇರಿದ ಅಂಟನ್ನು ಸುತ್ತಲೂ ಸ್ರವಿಸುತ್ತವೆ. ಆ ಅಂಟಿನೊಳಗೆ ಪದರ ಪದರವಾಗಿ ಬೆಳೆಯುತ್ತವೆ. ಇದಕ್ಕೆ ಬಯೋಫಿಲ್ಮ್ ಅನ್ನುತ್ತಾರೆ. ಹುಲ್ಲು ಚಿಗುರಿದ ಕಡೆ ದನ ಬಂದ ಹಾಗೆ, ಬಯೋಫಿಲ್ಮ್ ಇದ್ದ ಕಡೆ ಅಮೀಬಾ ಬರುತ್ತದೆ. ಅದರ ಮುಖ್ಯ ಆಹಾರವೇ ಬ್ಯಾಕ್ಟೀರಿಯಾ.

ಅಕ್ಯಾಂಥಮೀಬಾ ಅನ್ನುವ ಅಮೀಬಾ, ಒಂದೇ ಕೋಶದ ಜೀವಿ, ಮಣ್ಣು, ಧೂಳು, ನಲ್ಲಿ ನೀರು, ಈಜುಕೊಳ ಎಲ್ಲ ಕಡೆ ಇದೆ. ಬದುಕಲು ಅದಕ್ಕೆ ಮನುಷ್ಯನ ದೇಹ ಬೇಕಾಗಿಲ್ಲ. ದಾರಿ ಸಿಕ್ಕರೆ ಮಾತ್ರ, ಮುಖ್ಯವಾಗಿ ಕಣ್ಣಿನಲ್ಲಿ, ಪರಾವಲಂಬಿಯಾಗಿ ಸೋಂಕು ತರುತ್ತದೆ. ಆಹಾರ ಇದ್ದಾಗ ಹರಿದಾಡಿ ತಿನ್ನುತ್ತದೆ. ಆಹಾರ ಮುಗಿದರೆ, ನೀರು ಒಣಗಿದರೆ, ಕ್ಲೋರಿನ್ ತಾಗಿದರೆ ಎರಡು ಗೋಡೆಗಳ ಗಟ್ಟಿ ಕವಚ ಕಟ್ಟಿಕೊಂಡು ಒಳಗೆ ಸುಮ್ಮನಾಗುತ್ತದೆ. ಈ ಸ್ಥಿತಿಗೆ ಸಿಸ್ಟ್ ಅಂತ ಹೆಸರು. ಹೀಗೆ ಒಣಗಿಯೇ ವರ್ಷಗಟ್ಟಲೆ ಬದುಕಿರಬಲ್ಲದು. ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್ ಸಿಸ್ಟ್‌ಗೆ ಲೆಕ್ಕಕ್ಕೇ ಇಲ್ಲ.

ಹಾಗಾಗಿ ಈ ಬರಹದಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ: ಮೊದಲು ಉಜ್ಜಿ, ಆಮೇಲೆ ಔಷಧಿ ಹಾಕಿ. ಲೋಳೆ ಹಾಗೇ ಇಟ್ಟು ಮೇಲೆ ಎಷ್ಟು ಔಷಧಿ ಸುರಿದರೂ ಅಮೀಬಾದ ಊಟ ನಿಲ್ಲುವುದಿಲ್ಲ.

ಕೆಳಗಿನದೆಲ್ಲ ಲಕ್ಷಣದ ಪ್ರಕಾರ ಇದೆ. ನಿಮಗೆ ಕಂಡದ್ದು ಯಾವುದೋ ಅಲ್ಲಿಂದ ಓದಿ. ಕಣ್ಣು ಈಗಾಗಲೇ ಕೆಂಪಾಗಿ ನೋಯುತ್ತಿದ್ದರೆ ನೇರವಾಗಿ "ಕಣ್ಣು ಕೆಂಪು, ನೋವು ಜಾಸ್ತಿ" ಅನ್ನುವ ಭಾಗಕ್ಕೆ ಹೋಗಿ. ಟ್ಯಾಂಕ್ ಆಮೇಲೆ ತೊಳೆಯಬಹುದು.

ಲೆನ್ಸ್ ಡಬ್ಬಿ ಜಾರುತ್ತಿದೆ, ಅಥವಾ ತಳ ಮಬ್ಬಾಗಿದೆ

ಖರ್ಚಿಲ್ಲದ ಪರೀಕ್ಷೆ ಇದೇ. ಡಬ್ಬಿಯ ಎರಡೂ ಮುಚ್ಚಳ ತೆಗೆಯಿರಿ. ಸೊಲ್ಯೂಷನ್, ಅಂದರೆ ಲೆನ್ಸ್ ತೊಳೆದು ನೆನೆಹಾಕುವ ದ್ರವ, ಚೆಲ್ಲಿ. ಮೊಬೈಲ್ ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಹಿಡಿಯಿರಿ. ಮೇಲಿನಿಂದ ನೇರ ಹಿಡಿದರೆ ಏನೂ ಕಾಣುವುದಿಲ್ಲ. ಮೂರು ಜಾಗ ನೋಡಿ: ಬಟ್ಟಲಿನ ತಳ, ತಳ ಮತ್ತು ಗೋಡೆ ಸೇರುವ ಮೂಲೆ, ಮುಚ್ಚಳದ ತಿರುಪಿನ ಸಾಲುಗಳು. ತಿರುಪಿನ ಸಾಲಿನಲ್ಲಿ ಬಿಳಿ ಅಥವಾ ಹಳದಿ ಅಂಟು ಇದ್ದರೆ ಡಬ್ಬಿಯ ಆಯಸ್ಸು ಮುಗಿಯಿತು ಅಂತಲೇ ತಿಳಿಯಿರಿ. ಅಲ್ಲಿಗೆ ಬೆರಳು ಹೋಗುವುದಿಲ್ಲ, ಸೊಲ್ಯೂಷನ್ನೂ ಸರಿಯಾಗಿ ಹೋಗುವುದಿಲ್ಲ.

ಕಣ್ಣಿಗೆ ಏನೂ ಕಾಣದಿದ್ದರೆ ಕೈ ತೊಳೆದು, ಒರೆಸಿ, ಒಣ ಬೆರಳನ್ನು ತಳದ ಮೇಲೆ ಆಡಿಸಿ. ಹೊಸ ಪ್ಲಾಸ್ಟಿಕ್ ಬೆರಳನ್ನು ಸ್ವಲ್ಪ ಹಿಡಿಯುತ್ತದೆ. ಲೋಳೆ ಹಿಡಿದದ್ದು ಸರ್ರನೆ ಜಾರುತ್ತದೆ. ಸೊಲ್ಯೂಷನ್ ಕೂಡ ಸ್ವಲ್ಪ ಜಾರುತ್ತದಲ್ಲ ಅಂತ ಅನುಮಾನವಿದ್ದರೆ ಟಿಶ್ಯೂವಿನಿಂದ ಒರೆಸಿ ಮತ್ತೆ ಮುಟ್ಟಿ. ಒರೆಸಿದ ಮೇಲೂ ಜಾರಿದರೆ ಅದು ಬಯೋಫಿಲ್ಮ್.

ಈಗ ನಿಮ್ಮ ಅಭ್ಯಾಸ ನೋಡಿಕೊಳ್ಳಿ. ಡಬ್ಬಿಯನ್ನು ನಲ್ಲಿ ನೀರಿನಲ್ಲಿ ತೊಳೆಯುತ್ತೀರಾ? ಹಳೆಯ ಸೊಲ್ಯೂಷನ್ ಚೆಲ್ಲದೆ ಅದರ ಮೇಲೇ ಹೊಸದು ತುಂಬಿಸುತ್ತೀರಾ? ಸಿಂಕ್ ಪಕ್ಕ ಮುಚ್ಚಳ ಹಾಕಿ ಒದ್ದೆಯಾಗಿಯೇ ಇಡುತ್ತೀರಾ? ಒಂದಕ್ಕೆ ಹೌದು ಅಂದರೂ ಕಾರಣ ಸಿಕ್ಕಿತು. ನಲ್ಲಿ ನೀರು ಅಮೀಬಾವನ್ನು ತರುತ್ತದೆ. ಹಳೆಯ ಸೊಲ್ಯೂಷನ್‌ಗೆ ಶಕ್ತಿ ಉಳಿದಿರುವುದಿಲ್ಲ, ಹಾಗಾಗಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಒದ್ದೆ ಮುಚ್ಚಳ ಎರಡನ್ನೂ ಕಾಪಾಡುತ್ತದೆ.

ಪರಿಹಾರ ಅಗ್ಗದ್ದು. ಡಬ್ಬಿ ಎಸೆಯಿರಿ. ಹೊಸದು ಸೊಲ್ಯೂಷನ್ ಬಾಟಲಿಯ ಜೊತೆಗೇ ಬರುತ್ತದೆ. ಮೂರು ತಿಂಗಳಿಗಿಂತ ಜಾಸ್ತಿ ಯಾವ ಡಬ್ಬಿಯನ್ನೂ ಇಟ್ಟುಕೊಳ್ಳಬೇಡಿ. ದಿನಾ ಬೆಳಿಗ್ಗೆ ಲೆನ್ಸ್ ಹಾಕಿಕೊಂಡ ಮೇಲೆ ಡಬ್ಬಿ ಖಾಲಿ ಮಾಡಿ, ತೊಳೆದು ಒರೆಸಿದ ಬೆರಳಿನಿಂದ ಒಳಗೆ ಉಜ್ಜಿ, ಸೊಲ್ಯೂಷನ್‌ನಿಂದಲೇ ಜಾಲಿಸಿ. ಹೊಸ ಟಿಶ್ಯೂವಿನಿಂದ ಒರೆಸಿ, ಮುಚ್ಚಳ ತೆಗೆದು, ಬಾಯಿ ಕೆಳಗೆ ಮಾಡಿ ಒಣಗಲು ಇಡಿ. ಬಚ್ಚಲುಮನೆಯಲ್ಲಿ ಇಡಬೇಡಿ. ಸಂಜೆ ಹೊಸ ಸೊಲ್ಯೂಷನ್ ತುಂಬಿಸಿ.

ಡಬ್ಬಿಯನ್ನು ಕುದಿಸುವುದು, ಮನೆಯಲ್ಲೇ ಉಪ್ಪುನೀರು ಮಾಡಿಕೊಳ್ಳುವುದು ಬೇಡ. 1980ರ ದಶಕದಲ್ಲಿ ಅಮೆರಿಕದಲ್ಲಿ ಲೆನ್ಸ್ ಹಾಕುವವರಲ್ಲಿ ಅಕ್ಯಾಂಥಮೀಬಾ ಸೋಂಕು ದಿಢೀರ್ ಏರಿದಾಗ ಕಂಡ ಮುಖ್ಯ ಕಾರಣವೇ ಅದು. ಉಪ್ಪಿನ ಮಾತ್ರೆಯನ್ನು ನೀರಿಗೆ ಹಾಕಿ ಜನ ಮನೆಯಲ್ಲೇ ಸೊಲ್ಯೂಷನ್ ಮಾಡಿಕೊಳ್ಳುತ್ತಿದ್ದರು.

ಡಬ್ಬಿ ಹೊಸದು, ಸೊಲ್ಯೂಷನ್ ಹೊಸದು, ಆದರೂ ಲೆನ್ಸ್ ಮಬ್ಬು

ಡಬ್ಬಿ ಸರಿ ಇದೆ ಅಂದರೆ ಲೆನ್ಸನ್ನೇ ನೋಡಬೇಕು. ಬೆರಳ ತುದಿಯಲ್ಲಿಟ್ಟು ಬೆಳಕಿಗೆ ಹಿಡಿಯಿರಿ. ಒಂದೇ ಕಡೆ ಮಚ್ಚೆ ಇದ್ದರೆ ಕಣ್ಣೀರಿನ ಪ್ರೋಟೀನ್ ಕೂತಿರಬಹುದು. ಇಡೀ ಲೆನ್ಸ್ ಮಂಜು ಹಿಡಿದ ಹಾಗಿದ್ದರೆ ಅಥವಾ ಅಂಚಿನಲ್ಲಿ ಅಂಟು ಇದ್ದರೆ ಬಯೋಫಿಲ್ಮ್ ಅಂತ ಭಾವಿಸಿ.

"ಉಜ್ಜಬೇಕಾಗಿಲ್ಲ" ಅನ್ನುವ ಸೊಲ್ಯೂಷನ್ ಬಳಸುತ್ತಿದ್ದರೂ ಉಜ್ಜಿ. ಅಂಗೈ ಮೇಲಿಟ್ಟು, ಸೊಲ್ಯೂಷನ್ ಹಾಕಿ, ಎರಡೂ ಬದಿ ಬೆರಳಿನಿಂದ ಉಜ್ಜಿ, ಜಾಲಿಸಿ, ಆಮೇಲೆ ನೆನೆಹಾಕಿ. ಬ್ಯಾಕ್ಟೀರಿಯಾ ಹಿಡಿದ ಲೆನ್ಸಿಗೆ ಅಕ್ಯಾಂಥಮೀಬಾ ಹೆಚ್ಚು ಅಂಟಿಕೊಳ್ಳುತ್ತದೆ ಅಂತ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಮುಖ್ಯವಾಗಿ ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಕೂತ ಲೆನ್ಸಿನಲ್ಲಿ. ಅಂದರೆ ಅಮೀಬಾವನ್ನು ಕಣ್ಣಿನ ಹತ್ತಿರ ತರುವ ಸೇತುವೆ ಆ ಲೋಳೆ.

ಲೆನ್ಸ್ ಬಳಸುವವರಿಗೆಲ್ಲ ಗೊತ್ತಿರಬೇಕು ಅಂತ ನನಗೆ ಅನಿಸುವ ಸಂಗತಿಯೊಂದಿದೆ. ಸೊಲ್ಯೂಷನ್ ಸೋಂಕು ನಿವಾರಿಸುತ್ತದೋ ಇಲ್ಲವೋ ನೋಡುವ ಮುಖ್ಯ ಅಂತಾರಾಷ್ಟ್ರೀಯ ಪರೀಕ್ಷೆಯಲ್ಲಿ ಐದು ಸೂಕ್ಷ್ಮಜೀವಿಗಳಿವೆ. ಮೂರು ಬ್ಯಾಕ್ಟೀರಿಯಾ, ಎರಡು ಶಿಲೀಂಧ್ರ. ಅಮೀಬಾ ಆ ಪಟ್ಟಿಯಲ್ಲಿ ಇಲ್ಲ. ಬಾಟಲಿಯ ಮೇಲೆ "ಸೋಂಕು ನಿವಾರಕ" ಅಂತ ಬರೆದಿದ್ದರೆ ಅದರಲ್ಲಿ ಅಮೀಬಾವೂ ಸೇರಿದೆ ಅಂತ ಅಂದುಕೊಳ್ಳಬಾರದು. 2007ರಲ್ಲಿ ಅಮೆರಿಕದಲ್ಲಿ ಅಕ್ಯಾಂಥಮೀಬಾ ಸೋಂಕು ಏರಿದ್ದರಿಂದ, ಅಂಗಡಿಯಲ್ಲಿ ಧಾರಾಳವಾಗಿ ಮಾರಾಟವಾಗುತ್ತಿದ್ದ ಒಂದು ಸೊಲ್ಯೂಷನ್ನನ್ನು ವಾಪಸ್ ಪಡೆಯಬೇಕಾಯಿತು.

3% ಹೈಡ್ರೋಜನ್ ಪೆರಾಕ್ಸೈಡ್ ಇರುವ ಲೆನ್ಸ್ ಸೊಲ್ಯೂಷನ್ ಅಮೀಬಾ ಮೇಲೆ ಸಾಮಾನ್ಯ ಸೊಲ್ಯೂಷನ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಸಾಕಷ್ಟು ಹೊತ್ತು ನೆನೆದರೆ. ಆದರೆ ಎಚ್ಚರ: ಅದನ್ನು ಅದರದೇ ವಿಶೇಷ ಡಬ್ಬಿಯಲ್ಲಿ, ಹೇಳಿದಷ್ಟು ಗಂಟೆ ಇಟ್ಟು, ಪೂರ್ತಿ ಶಮನವಾದ ಮೇಲೆಯೇ ಲೆನ್ಸ್ ಹಾಕಬೇಕು. ಹಸಿ ಪೆರಾಕ್ಸೈಡ್ ಕಣ್ಣಿಗೆ ಬಿದ್ದರೆ ಸುಡುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಗಾಯಕ್ಕೆ ಕೊಡುವ ಪೆರಾಕ್ಸೈಡ್ ಬಾಟಲಿ ಇದಕ್ಕೆ ಬಳಸುವಂತಿಲ್ಲ.

ಲೆನ್ಸ್ ಹಾಕಿದಾಗ ಚುಚ್ಚಿ, ತೆಗೆದ ಅರ್ಧ ಗಂಟೆಯಲ್ಲಿ ಕಣ್ಣು ಪೂರ್ತಿ ಸರಿಯಾದರೆ ಆ ಜೋಡಿ ಎಸೆಯಿರಿ, ಒಂದೆರಡು ದಿನ ಕನ್ನಡಕ ಹಾಕಿ. ತೆಗೆದ ಮೇಲೂ ಚುಚ್ಚುತ್ತಿದ್ದರೆ ಮನೆಯ ತಪಾಸಣೆ ಇಲ್ಲಿಗೆ ಮುಗಿಯಿತು. ಕಣ್ಣಿನ ಭಾಗಕ್ಕೆ ಹೋಗಿ.

ಶವರ್ ಬಾಯಿ ಕಪ್ಪು, ಬಕೆಟ್‌ನಲ್ಲಿ ಗುಲಾಬಿ ಗೆರೆ

ಬಕೆಟ್, ಮಗ್, ಸೋಪಿನ ಪೆಟ್ಟಿಗೆಯಲ್ಲಿ ಕಾಣುವ ಗುಲಾಬಿ ಲೋಳೆ ಬ್ಯಾಕ್ಟೀರಿಯಾದ್ದೇ. ಸೋಪು, ಮೈಕೊಳೆ ಅದಕ್ಕೆ ಊಟ. ಉಜ್ಜಿ ಒಣಗಿಸಿದರೆ ಹೋಗುತ್ತದೆ. ಆರೋಗ್ಯವಂತರಿಗೆ ಇದರಿಂದ ದೊಡ್ಡ ಅಪಾಯವಿಲ್ಲ. ಲೆನ್ಸ್ ಹಾಕಿ ಸ್ನಾನ ಮಾಡುವವರಿಗೆ ಮಾತ್ರ ಇದೆ.

ಶವರ್ ಬಾಯಿ ಬಿಚ್ಚಿ ಒಳಗೆ ನೋಡಿ. ಬಿಳಿ, ಗಟ್ಟಿ, ಉಗುರಿನಿಂದ ಕೆರೆದರೆ ಪುಡಿಯಾಗುವುದು ಬೋರ್‌ವೆಲ್ ನೀರಿನ ಸುಣ್ಣ. ಕಪ್ಪು ಅಥವಾ ಕಂದು, ಮೆತ್ತಗೆ, ಉಗುರಿಗೆ ಅಂಟುವುದು ಬಯೋಫಿಲ್ಮ್. ಸಾಮಾನ್ಯವಾಗಿ ಎರಡೂ ಒಟ್ಟಿಗೆ ಇರುತ್ತವೆ. ಸುಣ್ಣದ ಒರಟು ಮೇಲ್ಮೈಯಲ್ಲಿ ಲೋಳೆಗೆ ಹಿಡಿತ ಜಾಸ್ತಿ. ಮೊದಲು ವಿನೆಗರ್‌ನಲ್ಲಿ ನೆನೆಹಾಕಿ ಸುಣ್ಣ ಬಿಡಿಸಿ, ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ವಿನೆಗರ್ ಹಾಕಿದ ಕಡೆ ಬ್ಲೀಚಿಂಗ್ ಬೆರೆಸಬೇಡಿ. ಆಮ್ಲ ಮತ್ತು ಬ್ಲೀಚಿಂಗ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್‌ಗೂ ಇದೇ ಮಾತು.

ಶವರ್ ತೊಳೆದು ಎರಡೇ ವಾರದಲ್ಲಿ ಮತ್ತೆ ಲೋಳೆ ಬಂದರೆ ದೋಷ ಶವರ್‌ನದ್ದಲ್ಲ. ಮೇಲಿನಿಂದ ಬರುತ್ತಿದೆ.

ನೀರಿಗೆ ಮಣ್ಣಿನ ವಾಸನೆ, ಬ್ಲೀಚಿಂಗ್ ಹಾಕಿದರೂ ಮತ್ತೆ ಲೋಳೆ

ಈಗ ಟ್ಯಾಂಕ್. ಏಣಿ ಹಾಕುವ ಮೊದಲು ಕೆಳಗೇ ಒಂದು ಸುಲಭದ ಜಾಗ ನೋಡಿ: ಟಾಯ್ಲೆಟ್ ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿ. ಅದೇ ನೀರು, ಅದೇ ಕತ್ತಲೆ, ದಿನವಿಡೀ ನಿಂತಿರುತ್ತದೆ. ನೀರಿನ ಮಟ್ಟದ ಗೆರೆಯಲ್ಲಿ ಲೋಳೆ ದಪ್ಪಗಿದ್ದರೆ ಮೇಲಿನ ಟ್ಯಾಂಕಿನಲ್ಲೂ ಇರುವ ಸಾಧ್ಯತೆ ಹೆಚ್ಚು.

ಮೇಲೆ ಹತ್ತಿದ ಮೇಲೆ ಬಣ್ಣ ನೋಡಿ. ಹಸಿರು ಅಂದರೆ ಪಾಚಿ, ಅಂದರೆ ಟ್ಯಾಂಕಿಗೆ ಬೆಳಕು ಹೋಗುತ್ತಿದೆ. ಮುಚ್ಚಳ ಒಡೆದಿರಬಹುದು. ತಳದಲ್ಲಿ ಕಂದು ಹೂಳು, ಬೆರಳಲ್ಲಿ ಉಜ್ಜಿದರೆ ಮರಳು ಮರಳು ಅಂದರೆ ಮಣ್ಣು, ಕಬ್ಬಿಣ. ಗೋಡೆಗೆ ಕೈ ಹಚ್ಚಿದರೆ ಜಾರಿತು ಅಂದರೆ ಬಯೋಫಿಲ್ಮ್. ಬರಿಗೈಯಲ್ಲಿ ಮುಟ್ಟಿ ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಬೇಡಿ. ಗ್ಲೌಸ್ ಇರಲಿ.

ಮುಂದಿನ ಪರೀಕ್ಷೆಗೆ ಸ್ವಲ್ಪ ದುಡ್ಡು ಬೇಕು: ಕ್ಲೋರಿನ್ ನೋಡುವ ಹನಿ ಔಷಧಿಯ ಕಿಟ್. ನೀರಿಗೆ ಹನಿ ಹಾಕಿದರೆ ಹಳದಿಯಾಗುತ್ತದೆ, ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಬೇಕು. ನಗರದ ನೀರು ಮನೆಗೆ ಬಂದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಹೇಳುತ್ತದೆ. ಮೂರು ಕಡೆ ನೋಡಿ: ನೀರು ಬರುವ ಪೈಪಿನ ಬಾಯಿ, ಟ್ಯಾಂಕ್, ಟ್ಯಾಂಕಿಗೆ ಅತ್ಯಂತ ದೂರದ ನಲ್ಲಿ. ಪೈಪಿನಲ್ಲಿ ಹಳದಿ ಬಂದು ಟ್ಯಾಂಕಿನಲ್ಲಿ ಬಾರದಿದ್ದರೆ ಟ್ಯಾಂಕಿನ ಲೋಳೆ, ಹೂಳು ಕ್ಲೋರಿನ್ ತಿನ್ನುತ್ತಿವೆ. ನೀರು ಬಹಳ ದಿನ ನಿಂತರೂ ಹೀಗೆ ಆಗುತ್ತದೆ. ಟ್ಯಾಂಕಿನಲ್ಲಿ ಬಂದು ದೂರದ ನಲ್ಲಿಯಲ್ಲಿ ಬಾರದಿದ್ದರೆ ಪೈಪಿನೊಳಗೆ ಲೋಳೆ ಇದೆ. ಬೋರ್‌ವೆಲ್, ಟ್ಯಾಂಕರ್ ನೀರಿನಲ್ಲಿ ಮೊದಲಿನಿಂದಲೇ ಕ್ಲೋರಿನ್ ಇಲ್ಲದಿರಬಹುದು. ಅಂಥಲ್ಲಿ ಈ ಹೋಲಿಕೆಯಿಂದ ಏನೂ ತಿಳಿಯುವುದಿಲ್ಲ.

ಕ್ಲೋರಿನ್ ಹಾಕಿದರೂ ಲೋಳೆ ಯಾಕೆ ಮತ್ತೆ ಬರುತ್ತದೆ? ಕ್ಲೋರಿನ್ ಅಂಟಿನ ಮೇಲಿನ ಪದರದಲ್ಲೇ ಖರ್ಚಾಗುತ್ತದೆ. ಒಳಗಿನ ಬ್ಯಾಕ್ಟೀರಿಯಾ ಉಳಿಯುತ್ತವೆ. ಅಮೀಬಾ ಸಿಸ್ಟ್ ಕಟ್ಟಿಕೊಳ್ಳುತ್ತದೆ. ಇನ್ನೂ ಒಂದು ವಿಷಯವಿದೆ. ಅಮೀಬಾ ನುಂಗಿದ ಬ್ಯಾಕ್ಟೀರಿಯಾ ಎಲ್ಲವೂ ಅದರ ಹೊಟ್ಟೆಯಲ್ಲಿ ಕರಗುವುದಿಲ್ಲ. ಕೆಲವು ಒಳಗೇ ಬದುಕಿ, ಅಲ್ಲೇ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಅಮೀಬಾ ಸಿಸ್ಟ್ ಆದಾಗ ಒಳಗಿದ್ದವಕ್ಕೂ ಆ ಕವಚದ ರಕ್ಷಣೆ ಸಿಗುತ್ತದೆ. ಕ್ಲೋರಿನ್ ಕಡಿಮೆಯಾದ ಮೇಲೆ ಎಲ್ಲ ಮತ್ತೆ ಶುರು.

ಹಾಗಾಗಿ ಕ್ರಮ ಹೀಗಿರಲಿ. ಮೋಟರ್ ಸ್ವಿಚ್ ಆಫ್ ಮಾಡಿ, ಕರೆಂಟ್ ಬೋರ್ಡಿನ ಎಂಸಿಬಿ ಸ್ವಿಚ್ಚನ್ನೂ ಇಳಿಸಿ. ನೀರು ಶುದ್ಧೀಕರಿಸುವ ಆರ್‌ಓ ಮೆಷಿನ್‌ಗೆ ಹೋಗುವ ನಲ್ಲಿ ಮುಚ್ಚಿ, ಕ್ಲೋರಿನ್ ಅದರ ಪೊರೆಯನ್ನು ಕೆಡಿಸುತ್ತದೆ. ಟ್ಯಾಂಕಿನಲ್ಲಿ ಒಂದು ಗೇಣು ನೀರು ಉಳಿಸಿ ಉಳಿದದ್ದನ್ನು ಬಿಡಿ. ನೈಲಾನ್ ಬ್ರಷ್‌ನಿಂದ ಗೋಡೆ, ಮೂಲೆ, ಫ್ಲೋಟ್ ವಾಲ್ವ್, ಮುಚ್ಚಳದ ಒಳಮೈ ಉಜ್ಜಿ. ತಂತಿ ಬ್ರಷ್ ಬೇಡ, ಪ್ಲಾಸ್ಟಿಕ್ ಗೀರಿದರೆ ಮುಂದಿನ ಲೋಳೆಗೆ ನೀವೇ ಜಾಗ ಮಾಡಿಕೊಟ್ಟ ಹಾಗೆ. ಕೆಸರು ನೀರನ್ನು ಕೆಳಗಿನ ವಾಶ್‌ಔಟ್‌ನಿಂದ ಹೊರಗೆ ಬಿಡಿ. ಮನೆಯ ಪೈಪಿಗೆ ಬಿಡಬೇಡಿ.

ಉಜ್ಜಿ ತೊಳೆದ ಮೇಲೆ ಬ್ಲೀಚಿಂಗ್ ಪೌಡರ್. 1000 ಲೀಟರ್ ಟ್ಯಾಂಕಿಗೆ 30% ಕ್ಲೋರಿನ್ ಇರುವ ಹೊಸ ಪೌಡರ್ ಸುಮಾರು 170 ಗ್ರಾಂ. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ಬಕೆಟ್ ನೀರಿಗೆ ಪೌಡರ್ ಹಾಕಿ ಕಲಕಿ, ಸುಣ್ಣ ತಳ ಸೇರಲು ಬಿಡಿ. ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಸುರಿದು, ಟ್ಯಾಂಕ್ ತುಂಬಿಸಿ. ಪ್ರತಿ ನಲ್ಲಿಯನ್ನೂ ಬ್ಲೀಚಿಂಗ್ ವಾಸನೆ ಬರುವ ತನಕ ತೆರೆದು ಮುಚ್ಚಿ. ಯಾರೂ ಬಳಸದ ಅತಿಥಿ ಕೋಣೆಯ ನಲ್ಲಿಯನ್ನೂ ಬಿಡಬೇಡಿ. ನೀರು ಓಡದ ಪೈಪೇ ಲೋಳೆಯ ತವರು. ನಾಲ್ಕು ಗಂಟೆ ಬಿಟ್ಟು ಎಲ್ಲ ಖಾಲಿ ಮಾಡಿ ಹೊಸ ನೀರು ತುಂಬಿಸಿ. ಬ್ಲೀಚಿಂಗ್ ಹಾಕಿ ಖಾಲಿ ಮಾಡುವ ಆ ನೀರನ್ನು ಕುಡಿಯುವಂತಿಲ್ಲ, ಸ್ನಾನಕ್ಕೂ ಬೇಡ, ಗಿಡಕ್ಕೂ ಬೇಡ.

ನೆಲದಡಿಯ ಸಂಪ್ ಆದರೆ ನೀವೇ ಇಳಿಯಬೇಡಿ. ಮುಚ್ಚಿಟ್ಟ ಸಂಪಿನಲ್ಲಿ ಆಮ್ಲಜನಕ ಕಡಿಮೆ ಇರಬಹುದು. ಒಬ್ಬರು ಕುಸಿದಾಗ ಎತ್ತಲು ಇಳಿದ ಇನ್ನೊಬ್ಬರೂ ಸಾಯುವುದು ನಮ್ಮ ಊರುಗಳಲ್ಲಿ ಮತ್ತೆ ಮತ್ತೆ ಆಗುತ್ತಿದೆ. ಈ ಕೆಲಸಕ್ಕೆ ಸಲಕರಣೆ ಇರುವವರನ್ನು ಕರೆಯಿರಿ. ಮಕ್ಕಳನ್ನು, ಮನೆಗೆಲಸದವರನ್ನು ಸಂಪಿಗೆ ಇಳಿಸುವುದನ್ನು ಯಾರೂ ಒಪ್ಪಬಾರದು. ಒಳಗೆ ಕರೆಂಟ್ ಬಲ್ಬ್ ಬೇಡ, ಬ್ಯಾಟರಿ ಟಾರ್ಚ್ ಇರಲಿ.

ಇಷ್ಟೆಲ್ಲ ಮಾಡಿದ ಮೇಲೂ ಸಿಸ್ಟ್ ಪೂರ್ತಿ ಹೋಗುವುದಿಲ್ಲ. ಊಟ ಕಡಿಮೆಯಾಗಿದ್ದರಿಂದ ಅಮೀಬಾ ಸಂಖ್ಯೆ ಇಳಿಯುತ್ತದೆ, ಅಷ್ಟೇ. ಬ್ರಿಟನ್ನಿನಲ್ಲಿ ಲೆನ್ಸ್ ಹಾಕುವವರಲ್ಲಿ ಈ ಸೋಂಕು ಬೇರೆ ಕಡೆಗಿಂತ ಜಾಸ್ತಿ ಇದ್ದದ್ದನ್ನು ಹುಡುಕಿದವರು, ಮಾಡಿನ ಕೆಳಗೆ ನೀರಿನ ಟ್ಯಾಂಕ್ ಇಡುವ ಅಲ್ಲಿನ ಪದ್ಧತಿಯನ್ನು ಒಂದು ಕಾರಣವಾಗಿ ಎತ್ತಿ ತೋರಿಸಿದರು. ನಮ್ಮದಂತೂ ಮನೆಗೊಂದು ಟ್ಯಾಂಕ್ ಇರುವ ನಾಡು. ಟ್ಯಾಂಕ್ ತೊಳೆದ ಮರುದಿನವೂ ಲೆನ್ಸಿಗೆ ನೀರು ತಾಗಬಾರದು.

ಕಣ್ಣು ಕೆಂಪು, ನೋವು ಜಾಸ್ತಿ

ಇಲ್ಲಿ ಮನೆಯಲ್ಲಿ ಮಾಡುವುದು ಎರಡೇ: ಲೆನ್ಸ್ ತೆಗೆಯಿರಿ, ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಅಕ್ಯಾಂಥಮೀಬಾ ಸೋಂಕಿಗೆ ಕೆಲವು ಗುರುತುಗಳಿವೆ. ನೋವು, ಕಾಣುವುದಕ್ಕಿಂತ ಜಾಸ್ತಿ. ಕನ್ನಡಿಯಲ್ಲಿ ನೋಡಿದರೆ ಸ್ವಲ್ಪ ಕೆಂಪು, ಆದರೆ ರಾತ್ರಿ ನಿದ್ದೆ ಬಾರದಷ್ಟು ನೋವು. ಅಮೀಬಾ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿರುವ ನರಗಳ ಗುಂಟ ಉರಿಯೂತ ಉಂಟುಮಾಡುವುದು ಇದಕ್ಕೆ ಒಂದು ಕಾರಣ. ಬೆಳಕು ನೋಡಲಾಗುವುದಿಲ್ಲ, ನೀರು ಸುರಿಯುತ್ತದೆ, ಸಾಮಾನ್ಯವಾಗಿ ಒಂದೇ ಕಣ್ಣು. ಕಾರ್ನಿಯಾದ ಮೇಲೆ ಬಿಳಿ ಉಂಗುರ ಕಂಡರೆ ಸೋಂಕು ಮುಂದುವರಿದಿದೆ ಅಂತ ಅರ್ಥ. ಉಂಗುರ ಕಾಣಲಿ ಅಂತ ಕಾಯಬೇಡಿ.

ಇನ್ನೊಂದು ಗುರುತು: ಆಂಟಿಬಯೋಟಿಕ್ ಹನಿ ಹಾಕಿದ ಮೇಲೆ ಸ್ವಲ್ಪ ಇಳಿದು, ಅಲ್ಲೇ ನಿಂತುಬಿಡುತ್ತದೆ. ಲೋಳೆಯಿಂದ ಬಂದ ಸೋಂಕಿನಲ್ಲಿ ಬ್ಯಾಕ್ಟೀರಿಯಾ, ಅಮೀಬಾ ಎರಡೂ ಇರಬಹುದು. ಹನಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅಮೀಬಾ ಉಳಿಯುತ್ತದೆ. ಶುರುವಿನಲ್ಲಿ ಇದನ್ನು ಹರ್ಪಿಸ್ ವೈರಸ್ ಸೋಂಕು ಅಂತ ತಿಳಿಯುವುದೂ ಸಾಮಾನ್ಯ. ಚಿಕಿತ್ಸೆ ನಡೆದರೂ ಗುಣ ಕಾಣದಿದ್ದರೆ "ಅಮೀಬಾಗೆ ಪರೀಕ್ಷೆ ಮಾಡಿದ್ದೀರಾ ಡಾಕ್ಟ್ರೇ?" ಅಂತ ನೇರವಾಗಿ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಲೆನ್ಸ್ ಹಾಕದವರೂ ಗಮನಿಸಿ. ಭಾರತದಲ್ಲಿ ಈ ಸೋಂಕು ಬಂದವರಲ್ಲಿ ಹೆಚ್ಚಿನವರು ಲೆನ್ಸ್ ಹಾಕುವವರೇ ಅಲ್ಲ. ಒಕ್ಕಣೆಯ ಹೊಟ್ಟು, ಮಣ್ಣು, ಕಡ್ಡಿ ಕಣ್ಣಿಗೆ ತಾಗಿ, ಕೊಳಕು ನೀರಿನಲ್ಲಿ ತೊಳೆದವರು. ಕಣ್ಣಿಗೆ ಕಸ ಬಿದ್ದಾಗ ತೊಟ್ಟಿ ನೀರು, ಎದೆಹಾಲು, ಎಲೆ ರಸ, ಹರಳೆಣ್ಣೆ ಏನನ್ನೂ ಹಾಕಬೇಡಿ. ಕುದಿಸಿ ಆರಿಸಿದ ನೀರು ಅಥವಾ ಸೀಲ್ ಒಡೆಯದ ಸಲೈನ್ ಬಾಟಲಿಯಿಂದ ತೊಳೆಯಿರಿ. ಸುಣ್ಣ, ಆಸಿಡ್, ಬ್ಲೀಚಿಂಗ್ ಬಿದ್ದರೆ ಮಾತ್ರ ಕಾಯುವಂತಿಲ್ಲ. ಆಗ ಸಿಕ್ಕಿದ ನೀರಿನಲ್ಲೇ ತಕ್ಷಣ, ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಓಡಬೇಕು.

ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಹನಿ ಬೇಡವೇ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಒಂದೆರಡು ದಿನ ಕೆಂಪು ಇಳಿದು ಹಾಯೆನಿಸುತ್ತದೆ. ಅಷ್ಟರಲ್ಲಿ ಸೋಂಕು ಆಳಕ್ಕೆ ಇಳಿದಿರುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ ಲೆನ್ಸ್, ಡಬ್ಬಿ, ಸೊಲ್ಯೂಷನ್ ಬಾಟಲಿ ಮೂರನ್ನೂ ತೆಗೆದುಕೊಂಡು ಹೋಗಿ. ತೊಳೆಯಬೇಡಿ. ಡಬ್ಬಿಯ ಲೋಳೆಯೇ ಸಾಕ್ಷಿ. ಅಲ್ಲಿ ಕಾರ್ನಿಯಾವನ್ನು ಮೆಲ್ಲಗೆ ಕೆರೆದು ಮಾದರಿ ತೆಗೆಯುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡುವುದರ ಜೊತೆಗೆ ಬೆಳೆಸಿಯೂ ನೋಡುತ್ತಾರೆ. ಆ ಬೆಳೆಸುವ ವಿಧಾನ ಈ ಇಡೀ ಸಂಬಂಧವನ್ನು ಕಣ್ಣೆದುರು ತೋರಿಸುತ್ತದೆ. ಪೋಷಕಾಂಶವೇ ಇಲ್ಲದ ಅಗರ್ (ಜೆಲ್ಲಿಯಂಥ ಪದಾರ್ಥ) ತಟ್ಟೆಯ ಮೇಲೆ ಇ. ಕೋಲಿ ಬ್ಯಾಕ್ಟೀರಿಯಾವನ್ನು ತೆಳ್ಳಗೆ ಸವರಿ, ಅದರ ಮೇಲೆ ಮಾದರಿ ಇಡುತ್ತಾರೆ. ಅಮೀಬಾ ಇದ್ದರೆ ಬ್ಯಾಕ್ಟೀರಿಯಾ ತಿನ್ನುತ್ತಾ ಹೊರಟು, ಹೋದಲ್ಲೆಲ್ಲ ಜಾಡು ಬಿಡುತ್ತದೆ. ಬ್ಯಾಕ್ಟೀರಿಯಾ ಸವರದಿದ್ದರೆ ಆ ತಟ್ಟೆಯಲ್ಲಿ ಅದಕ್ಕೆ ತಿನ್ನಲು ಏನೂ ಇಲ್ಲ.

ಚಿಕಿತ್ಸೆ ತಿಂಗಳುಗಟ್ಟಲೆ. ಪಿಎಚ್‌ಎಂಬಿ ಅಥವಾ ಕ್ಲೋರ್‌ಹೆಕ್ಸಿಡಿನ್ ಅನ್ನುವ, ಅಮೀಬಾ ಕೊಲ್ಲುವ ಹನಿಯನ್ನು ಶುರುವಿನಲ್ಲಿ ಹಗಲು ರಾತ್ರಿ ಹಾಕಬೇಕಾಗುತ್ತದೆ. ಸಿಸ್ಟ್ ಉಳಿದರೆ ಸೋಂಕು ತಿರುಗಿ ಬರುತ್ತದೆ, ಅದಕ್ಕೇ ಇಷ್ಟು ಉದ್ದ. ನೋವು ಹೋಯಿತು ಅಂತ ನೀವೇ ನಿಲ್ಲಿಸಬೇಡಿ. ಬೇಗ ಹಿಡಿದರೆ ದೃಷ್ಟಿ ಉಳಿಯುತ್ತದೆ. ತಡವಾದರೆ ಕಾರ್ನಿಯಾ ಕಸಿಯವರೆಗೂ ಹೋಗುತ್ತದೆ.

ನೀರು ಶುದ್ಧ ಅಂತಾರೆ, ಆದರೂ ಮನೆಮಂದಿಗೆಲ್ಲ ಭೇದಿ

ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿಯ ಗಟ್ಟಿ ಕವಚದ ಮೊಟ್ಟೆಯಂಥ ರೂಪ ಪೈಪಿನ ಲೋಳೆಯಲ್ಲಿ ಸಿಕ್ಕಿಕೊಂಡು, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗಬಲ್ಲದು. ಅದಕ್ಕೂ ಕ್ಲೋರಿನ್ ನಾಟುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಶುದ್ಧೀಕರಿಸಿದ ನಲ್ಲಿ ನೀರಿನಿಂದಲೇ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು. ಮನೆಯಲ್ಲಿ ಮಾಡುವುದು ಸರಳ: ಕುಡಿಯುವ ನೀರನ್ನು ಕೊತಕೊತ ಕುದಿಸಿ. ಆರ್‌ಓ ಮೆಷಿನ್ನಿನ ಸಂಗ್ರಹ ಟ್ಯಾಂಕನ್ನೂ ತೊಳೆಸಿ, ಅದರೊಳಗೂ ಲೋಳೆ ಬೆಳೆಯುತ್ತದೆ. ಮಲದಲ್ಲಿ ರಕ್ತ, ಮಗುವಿಗೆ ಮೂತ್ರ ಕಡಿಮೆ, ಎರಡು ವಾರ ದಾಟಿದ ಭೇದಿ, ಇದರಲ್ಲಿ ಒಂದಿದ್ದರೂ ಡಾಕ್ಟರ್. ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಮೊದಲ ದಿನವೇ ಹೋಗಲಿ.

ಬಿಸಿನೀರು ಉಗುರುಬೆಚ್ಚಗೆ, ಮನೆಯಲ್ಲಿ ಜ್ವರ, ಕೆಮ್ಮು

1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರಲ್ಲಿ ವಿಚಿತ್ರ ನ್ಯುಮೋನಿಯಾ ಹರಡಿತು. ಕಾರಣವಾದ ಬ್ಯಾಕ್ಟೀರಿಯಾಗೆ ಲೀಜಿಯೊನೆಲ್ಲಾ ಅಂತ ಹೆಸರಾಯಿತು. 1980ರಲ್ಲಿ ತಿಮೋಥಿ ರೌಬೋಥಮ್ ಅನ್ನುವ ಬ್ರಿಟಿಷ್ ವಿಜ್ಞಾನಿ ಅದು ಅಮೀಬಾದೊಳಗೆ ಬೆಳೆಯುತ್ತದೆ ಅಂತ ತೋರಿಸಿದರು. ತನ್ನನ್ನು ನುಂಗಿದ ಅಮೀಬಾದೊಳಗೆ ಜೀರ್ಣವಾಗದೆ ಬದುಕುವ ವಿದ್ಯೆಯನ್ನೇ ಅದು ನಮ್ಮ ಶ್ವಾಸಕೋಶದ ರಕ್ಷಕ ಕೋಶಗಳೊಳಗೂ ಬಳಸುತ್ತದೆ. ಬಯೋಫಿಲ್ಮ್, ಅಮೀಬಾ, ಮನುಷ್ಯ ಈ ಮೂವರ ನಡುವಿನ ದಾರಿ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಇದಕ್ಕೆ ಇಷ್ಟವಾದ ಶಾಖ ಸುಮಾರು 25ರಿಂದ 45 ಡಿಗ್ರಿ. 60 ಡಿಗ್ರಿಯಲ್ಲಿ ಸಾಯುತ್ತದೆ. ಮೊದಲು ಗೀಸರ್ ಥರ್ಮೋಸ್ಟಾಟ್ ನೋಡಿ, 60ಕ್ಕೆ ಇಡಿ. ಬಕೆಟ್‌ನಲ್ಲಿ ತಣ್ಣೀರು ಬೆರೆಸಿಯೇ ಮೈಮೇಲೆ ಹಾಕಿ, ಮಕ್ಕಳಿದ್ದ ಮನೆಯಲ್ಲಿ ಸುಟ್ಟುಕೊಳ್ಳುವ ಭಯ ನಿಜವಾದದ್ದು. ಬೆಂಗಳೂರಿನ ಮಾಳಿಗೆಗಳ ತುಂಬ ಸೋಲಾರ್ ಹೀಟರ್‌ಗಳಿವೆ. ಮೋಡದ ವಾರದಲ್ಲಿ ಅದರ ಟ್ಯಾಂಕಿನ ನೀರು ದಿನಗಟ್ಟಲೆ ಉಗುರುಬೆಚ್ಚಗೇ ನಿಲ್ಲುತ್ತದೆ. ಬ್ಯಾಕಪ್ ಕಾಯಿಲ್ ಇದ್ದರೆ ಆನ್ ಮಾಡಿ ಚೆನ್ನಾಗಿ ಕಾಯಿಸಿ. ಊರಿಗೆ ಹೋಗಿ ಬಂದ ಮೇಲೆ ಶವರ್ ಮೊದಲ ಕೆಲವು ನಿಮಿಷ ಸುಮ್ನೆ ಹರಿಯಲಿ, ನೀವು ಹೊರಗೆ ನಿಲ್ಲಿ. ಸೋಂಕು ಬರುವುದು ಗಾಳಿಯಲ್ಲಿ ತೇಲುವ ನೀರಿನ ಸಣ್ಣ ಹನಿಗಳನ್ನು ಉಸಿರಾಡಿದಾಗ, ಒಬ್ಬರಿಂದ ಒಬ್ಬರಿಗಲ್ಲ.

ವಯಸ್ಸಾದವರಿಗೆ, ಸಿಗರೇಟ್ ಸೇದುವವರಿಗೆ, ಶ್ವಾಸಕೋಶದ ಕಾಯಿಲೆ ಇದ್ದವರಿಗೆ ಜೋರು ಜ್ವರ, ಕೆಮ್ಮು, ಉಸಿರಾಟದ ಕಷ್ಟ, ಗೊಂದಲ ಕಂಡರೆ ಆಸ್ಪತ್ರೆ. ಪೆನಿಸಿಲಿನ್ ಜಾತಿಯ ಆಂಟಿಬಯೋಟಿಕ್ ಇಲ್ಲಿ ನಾಟುವುದಿಲ್ಲ, ಬ್ಯಾಕ್ಟೀರಿಯಾ ಕೋಶದೊಳಗೆ ಅಡಗಿರುತ್ತದೆ. ಮೂತ್ರ ಪರೀಕ್ಷೆಯಿಂದ ಇದರ ಮುಖ್ಯ ಜಾತಿಯನ್ನು ಬೇಗ ಗುರುತಿಸಬಹುದು.

ಮೂಗಿಗೆ ನೀರು ಹೋಗಿತ್ತು, ಈಗ ವಿಪರೀತ ತಲೆನೋವು

ಇದರಲ್ಲಿ ಮನೆಯ ತಪಾಸಣೆ ಅನ್ನುವುದೇ ಇಲ್ಲ. ನೆಗ್ಲೇರಿಯಾ ಫೌಲೇರಿ ಅನ್ನುವ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ, ತಳದ ಕೆಸರು ಮತ್ತು ಲೋಳೆಯ ಬ್ಯಾಕ್ಟೀರಿಯಾ ತಿಂದು ಬದುಕುತ್ತದೆ. ಮೂಗಿನ ಮೂಲಕ ಮಿದುಳಿಗೆ ಹೋಗುತ್ತದೆ. ಕುಡಿದರೆ ಬರುವುದಿಲ್ಲ. ಕೆರೆ, ಹೊಂಡ, ಕ್ಲೋರಿನ್ ಇಲ್ಲದ ಈಜುಕೊಳದಲ್ಲಿ ಮುಳುಗಿದ ಸುಮಾರು 12 ದಿನಗಳೊಳಗೆ ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಬಂದರೆ ಒಂದು ಗಂಟೆಯೂ ಕಾಯಬೇಡಿ. ಇದು ಬಹಳ ಅಪರೂಪ, ಆದರೆ ಬಂದವರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಉಳಿಯುವುದಿಲ್ಲ. ಕೇರಳದಲ್ಲಿ 2024ರಲ್ಲಿ, ಮತ್ತೆ 2025ರಲ್ಲಿ ಅಮೀಬಾದಿಂದ ಬರುವ ಮಿದುಳು ಸೋಂಕಿನ ಪ್ರಕರಣಗಳು ಹೆಚ್ಚಿದವು. 2024ರಲ್ಲಿ ಕೋಳಿಕ್ಕೋಡ್ ಜಿಲ್ಲೆಯ 14 ವರ್ಷದ ಹುಡುಗ ಬದುಕಿ ಬಂದ. ಬೇಗ ಗುರುತಿಸಿ, ಬೇಗ ಔಷಧಿ ಶುರು ಮಾಡಿದ್ದು ಅವನನ್ನು ಉಳಿಸಿತು. 2025ರ ನವೆಂಬರಿನಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಶಬರಿಮಲೆಗೆ ಹೋಗುವವರಿಗೆ, ಸ್ನಾನ ಮಾಡುವಾಗ ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಲು ಸೂಚನೆ ಕೊಟ್ಟಿತು.

ಜಲನೇತಿ (ಮೂಗಿನೊಳಗೆ ನೀರು ಹಾಯಿಸಿ ತೊಳೆಯುವುದು) ಮಾಡುವವರು ನಲ್ಲಿ ನೀರು, ಟ್ಯಾಂಕ್ ನೀರು ಬಳಸಬೇಡಿ. ಕುದಿಸಿ ಆರಿಸಿದ ನೀರು ಮಾತ್ರ. ನೇತಿ ಪಾತ್ರೆಯನ್ನೂ ಪ್ರತಿ ಸಲ ಉಜ್ಜಿ ಒಣಗಿಸಿ, ಅದರ ಕೊಕ್ಕಿನೊಳಗೂ ಲೋಳೆ ಕೂರುತ್ತದೆ.

ತುರ್ತು ವಿಭಾಗದಲ್ಲಿ ಮೊದಲ ಮಾತೇ ಇದಾಗಿರಲಿ: "ಇಂಥ ದಿನ ಇಂಥ ಕೆರೆಯಲ್ಲಿ ಈಜಿದ್ದ, ಮೂಗಿಗೆ ನೀರು ಹೋಗಿತ್ತು." ಲಕ್ಷಣಗಳು ಬ್ಯಾಕ್ಟೀರಿಯಾದ ಮೆದುಳು ಜ್ವರದ ಹಾಗೇ ಇರುತ್ತವೆ. ನೀರಿನ ಸಂಗತಿ ನೀವು ಹೇಳಿದರೆ, ಬೆನ್ನುಹುರಿಯ ದ್ರವವನ್ನು ತೆಗೆದ ಕೂಡಲೇ ಸೂಕ್ಷ್ಮದರ್ಶಕದ ಕೆಳಗೆ ಹರಿದಾಡುವ ಅಮೀಬಾ ಇದೆಯೇ ಅಂತ ಹುಡುಕುತ್ತಾರೆ.